ಕೂಲರ್ ಮುಂದಿನ ಪಂಜರ: ರಾಯಚೂರಿನ ಎರಡು ಜರ್ಬಿಲ್‌ಗಳ ಪ್ರಕರಣ

ಮೇ ತಿಂಗಳ ಮೊದಲ ವಾರ. ಮಧ್ಯಾಹ್ನ ಮೂರು ಗಂಟೆ. ಹೊರಗೆ 42 ಡಿಗ್ರಿ ಬಿಸಿಲು. ಮಾವಿನಕೆರೆ ಹತ್ತಿರದ ಒಂದು ಮನೆಯಿಂದ ಫೋನ್ ಬಂತು. ಏಳನೇ ತರಗತಿಯ ಹುಡುಗಿ ಅಳುತ್ತಲೇ ಮಾತಾಡುತ್ತಿದ್ದಳು. "ಡಾಕ್ಟ್ರೇ, ನಮ್ಮ ಎಳ್ಳು ಏಳವಲ್ದು. ಮೂಗಿನಾಗ ರಕ್ತ ಬಂದೈತಿ. ಜಲ್ದಿ ಬರ್ರಿ."

ಎಳ್ಳು ಅಂದರೆ ಕರಿ ಜರ್ಬಿಲ್. ಅದರ ಜೊತೆ ಹುಟ್ಟಿದ ಕಂದು ಬಣ್ಣದ್ದು ಶೇಂಗಾ. ಎರಡೂ ಗಂಡು. ಫೆಬ್ರವರಿಯಲ್ಲಿ ಹುಡುಗಿಯ ಮಾಮ ಹೈದರಾಬಾದಿನ ಅಂಗಡಿಯೊಂದರಿಂದ ತಂದುಕೊಟ್ಟಿದ್ದರು. ಆಗ ಅವಕ್ಕೆ ಸುಮಾರು ಎರಡು ತಿಂಗಳು. ನೋಡದವರಿಗೆ ಹೇಳಬೇಕೆಂದರೆ, ಜರ್ಬಿಲ್ ಇಲಿಯ ಬಳಗದ ಪುಟ್ಟ ಪ್ರಾಣಿ. ಬಾಲದ ತುಂಬ ಕೂದಲು, ತುದಿಯಲ್ಲಿ ಕುಚ್ಚು. ಹಿಂಗಾಲು ಉದ್ದ. ದೊಡ್ಡ ಕರಿ ಕಣ್ಣು. ಚೆನ್ನಾಗಿ ನೋಡಿಕೊಂಡರೆ ಮೂರು ನಾಲ್ಕು ವರ್ಷ ಬದುಕುತ್ತದೆ.

ನಾನು ರಾಯಚೂರಿನಲ್ಲಿ 14 ವರ್ಷದಿಂದ ಪಶುವೈದ್ಯೆ. ನನ್ನ ಹತ್ತಿರ ಬರುವುದು ಜಾಸ್ತಿ ಎಮ್ಮೆ, ಆಡು, ನಾಯಿ. ಜರ್ಬಿಲ್ ನೋಡಿದ್ದು ಇದೇ ಮೊದಲು. ಈ ಪ್ರಕರಣವನ್ನು ಪೂರ್ತಿ ಬರೆಯಲು ಒಂದು ಕಾರಣವಿದೆ. ಎಳ್ಳು ಅವತ್ತು ಆ ಸ್ಥಿತಿಗೆ ಬಂದದ್ದರಲ್ಲಿ ನನ್ನ ಮಾತಿನ ಪಾಲೂ ಇತ್ತು.

ಏಪ್ರಿಲ್‌ನಲ್ಲಿ ಆ ಹುಡುಗಿಯ ತಾಯಿ ಒಮ್ಮೆ ಫೋನ್ ಮಾಡಿದ್ದರು. "ಬಿಸಿಲು ಜಾಸ್ತಿ ಆಗೈತ್ರಿ ಡಾಕ್ಟ್ರೇ, ಇವನ್ನ ಎಲ್ಲಿ ಇಡೋದ್ರಿ?" ಆ ಹೊತ್ತಿನಲ್ಲಿ ನನ್ನ ಮುಂದೆ ಕರು ಹಾಕಲಾಗದೆ ಒದ್ದಾಡುತ್ತಿದ್ದ ಎಮ್ಮೆ ಇತ್ತು. "ಕೂಲರ್ ಮುಂದ ಇಡ್ರಿ" ಅಂದು ಫೋನ್ ಇಟ್ಟೆ. ಪಂಜರ ಹೇಗಿದೆ, ಒಳಗೆ ಏನು ಹಾಸಿದ್ದಾರೆ, ಒಂದೂ ಕೇಳಲಿಲ್ಲ. ಅವರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು.

ನಾನು ಕಂಡದ್ದು

ಮನೆಯ ಮುಂಭಾಗ ಹೊಸ ಆರ್‌ಸಿಸಿ ಕಟ್ಟಡ. ಮಹಡಿಯ ಮೇಲೆ ಹುಡುಗಿಯ ಕೋಣೆ. ಪಡುವಣ ಗೋಡೆಗೆ ಮೇಜು, ಮೇಜಿನ ಮೇಲೆ ತಂತಿಯ ಪಂಜರ, ಎದುರಿಗೆ ಕೂಲರ್. ಒಂದು ಗಂಟೆಯಿಂದ ಕರೆಂಟ್ ಇರಲಿಲ್ಲ. ಕೋಳಿ ಫಾರಂಗೆ ಹೋಗುವಾಗ ನಾನು ಒಂದು ಸಣ್ಣ ಮೀಟರ್ ಒಯ್ಯುತ್ತೇನೆ. ಶಾಖ, ತೇವ ಎರಡನ್ನೂ ತೋರಿಸುತ್ತದೆ. ಅದನ್ನು ಪಂಜರದ ಪಕ್ಕ ಹಿಡಿದೆ. 39 ಡಿಗ್ರಿ, ತೇವಾಂಶ ಶೇ. 40. ಪಂಜರದ ತಳದಲ್ಲಿ ಬಡಗಿಯಿಂದ ತಂದ ಮರದ ಹೊಟ್ಟು, ಎರಡು ಬೆರಳು ದಪ್ಪ. ಮುಟ್ಟಿದರೆ ಒದ್ದೆ. ಮೂಗಿಗೆ ಹೊಡೆಯುವ ಉಚ್ಚೆ ವಾಸನೆ.

ಎಳ್ಳು ಹೊಟ್ಟೆ ಅಡಿಯಾಗಿ ಚಪ್ಪಟೆ ಬಿದ್ದಿತ್ತು. ಗದ್ದ ಜೊಲ್ಲಿನಿಂದ ತೊಯ್ದಿತ್ತು. ಉಸಿರು ಓಡುತ್ತಿತ್ತು. ಮೈಗೆ ಎಣ್ಣೆ ಹಚ್ಚಿದ ಹಾಗೆ ಕೂದಲು ಅಂಟಿಕೊಂಡಿತ್ತು. ಮೂಗಿನ ಎರಡೂ ಕಡೆ ಕೆಂಪು ಹಕ್ಕಳೆ, ಅಲ್ಲಿನ ಕೂದಲು ಉದುರಿತ್ತು. ಶೇಂಗಾ ಮೂಲೆಯಲ್ಲಿ ಪ್ಲಾಸ್ಟಿಕ್ ತಟ್ಟೆಯನ್ನು ಒಂದೇ ಸಮನೆ ಕೆರೆಯುತ್ತಿತ್ತು. ಅದರ ಮೂಗೂ ಸ್ವಲ್ಪ ಕೆಂಪಾಗಿತ್ತು, ಆದರೆ ಅದು ಚುರುಕಾಗಿತ್ತು.

"ಇದು ಮರಳುಗಾಡಿನ ಪ್ರಾಣಿ ಅಂತ ಅಂಗಡ್ಯಾಂವ ಹೇಳಿದ್ನಂತ್ರಿ" ಅಂದರು ಅಜ್ಜಿ. "ನಮ್ಮ ಬಿಸಿಲು ಇದಕ್ಕೇನು ಮಾಡ್ತೈತ್ರಿ?"

ಆ ಪ್ರಶ್ನೆಗೆ ಉತ್ತರ ಆಮೇಲೆ ಕೊಟ್ಟೆ. ಮೊದಲು ಎಳ್ಳನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡು ಕೆಳಗೆ ಓಡಿದೆ. ಮನೆಯ ಹಿಂಭಾಗದಲ್ಲಿ ಹಳೇ ಮಣ್ಣಿನ ಮಾಳಿಗೆ ಕೋಣೆ ಇತ್ತು, ಅಂದರೆ ಮಣ್ಣು ಹೊದಿಸಿದ ಚಾವಣಿಯದು. ಅಜ್ಜಿ ಅಲ್ಲೇ ಮಲಗುತ್ತಾರೆ. ಕಲ್ಲು ಮಣ್ಣಿನ ದಪ್ಪ ಗೋಡೆ, ನೆಲಕ್ಕೆ ಶಹಾಬಾದ್ ಕಲ್ಲು. ಒಳಗೆ ಕಾಲಿಟ್ಟರೆ ತಂಪು. ಎಳ್ಳನ್ನು ಬರಿ ಕಲ್ಲಿನ ಮೇಲೆ ಮಲಗಿಸಿದೆ. ಕೊಡದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಕಿವಿ, ಪಾದ, ಬಾಲ ಒರೆಸಿದೆ. ಹುಡುಗಿ ಫ್ರಿಜ್‌ನಿಂದ ಐಸ್ ತಂದಳು. ಬೇಡ ಅಂದೆ. ಐಸ್ ನೀರಿನಲ್ಲಿ ಅದ್ದಿದರೆ ಚರ್ಮದ ರಕ್ತನಾಳ ಬಿಗಿದು ಒಳಗಿನ ಶಾಖ ಒಳಗೇ ಉಳಿಯುತ್ತದೆ. ಇಷ್ಟು ಸಣ್ಣ ಜೀವಕ್ಕೆ ಆ ಆಘಾತವೇ ಸಾಕು. ಬಾಯಿಗೆ ನೀರು ಸುರಿಯಲೂ ಇಲ್ಲ, ಅದು ಶ್ವಾಸಕೋಶಕ್ಕೆ ಹೋಗಬಹುದು. ಭುಜದ ಹಿಂದೆ ಚರ್ಮದಡಿ 2 ಎಂ.ಎಲ್. ಸಲೈನ್ ಕೊಟ್ಟೆ. ಅಜ್ಜಿ ಬೀಸಣಿಗೆ ಹಿಡಿದು ಮೆಲ್ಲಗೆ ಗಾಳಿ ಹಾಕುತ್ತಾ ಕೂತರು.

ಸುಮಾರು ನಲವತ್ತು ನಿಮಿಷ. ಎಳ್ಳು ತಲೆ ಎತ್ತಿತು. ಆಮೇಲೆ ಮುಂಗಾಲಿನಿಂದ ಮುಖ ಒರೆಸಿಕೊಂಡಿತು. ಹುಡುಗಿ ಆಗ ಅಳು ನಿಲ್ಲಿಸಿದಳು.

ಶೇಂಗಾನನ್ನೂ ಕೆಳಗೆ ತರಿಸಿ ಒಂದೇ ಡಬ್ಬಿಯಲ್ಲಿ ಇಬ್ಬರನ್ನೂ ಇಟ್ಟೆ. ಕಾಯಿಲೆಯದನ್ನು ಬೇರೆ ಇಡೋಣ ಅಂತ ತಾಯಿ ಕೇಳಿದರು. ಆಡು ಕುರಿಗಳಲ್ಲಾದರೆ ನಾನೂ ಹಾಗೇ ಹೇಳುತ್ತಿದ್ದೆ. ಜರ್ಬಿಲ್‌ಗಳು ಒಬ್ಬರನ್ನೊಬ್ಬರು ಗುರುತಿಸುವುದು ವಾಸನೆಯಿಂದ. ಕೆಲವು ದಿನ ದೂರ ಇಟ್ಟರೆ ಜೊತೆಗೆ ಹುಟ್ಟಿದವೂ ಪರಕೀಯರಾಗಿ ರಕ್ತ ಬರುವ ಹಾಗೆ ಕಚ್ಚಾಡುತ್ತವೆ. ಒಂದಕ್ಕೊಂದು ಜೊತೆಯಾಗಿ ಇರಬೇಕಾದ ಪ್ರಾಣಿ ಅದು, ಒಂಟಿಯಾಗಿ ಸೊರಗುತ್ತದೆ.

ಮೂರ್ಛೆ

ಎಳ್ಳು ಸುಧಾರಿಸಿತು ಅಂತ ಶೇಂಗಾನನ್ನು ಪರೀಕ್ಷೆಗೆ ಎತ್ತಿದೆ. ಹೊಸ ಕೋಣೆ, ಹೊಸ ಕೈ, ಸುತ್ತ ಐದು ಜನ. ಕೈಯಲ್ಲಿ ಹಿಡಿದ ಕೂಡಲೇ ಅದರ ಕಿವಿ ಹಿಂದಕ್ಕೆ ಅಂಟಿಕೊಂಡಿತು. ಮೀಸೆ, ರೆಪ್ಪೆ ಅದುರತೊಡಗಿದವು. ಮೈ ಸೆಟೆಯಿತು. ಅಜ್ಜಿ ಎದ್ದವರೇ ಈರುಳ್ಳಿ ಜಜ್ಜಿ ತಂದರು, ಮೂಗಿಗೆ ಹಿಡಿಯಲು. ಮನುಷ್ಯರಿಗೆ ಮೂರ್ಛೆ ಬಂದಾಗ ಅವರು ಕಂಡದ್ದು ಅದೇ. ನಾನು ಮೆಲ್ಲಗೆ ಅವರ ಕೈ ತಡೆದೆ. ಶೇಂಗಾನನ್ನು ಡಬ್ಬಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದೆ. ಎಲ್ಲರನ್ನೂ ಸುಮ್ನೆ ಇರಲು ಹೇಳಿದೆ. ಒಂದೂವರೆ ನಿಮಿಷದಲ್ಲಿ ಎದ್ದು ಓಡಾಡಿತು.

ಜರ್ಬಿಲ್‌ಗಳಲ್ಲಿ ಇದು ವಂಶದಿಂದ ಬರುತ್ತದೆ. 100ರಲ್ಲಿ 20ರಿಂದ 40 ಪ್ರಾಣಿಗಳಲ್ಲಿ ಕಾಣುತ್ತದೆ. ಎರಡು ಮೂರು ತಿಂಗಳ ವಯಸ್ಸಿನಲ್ಲಿ ಶುರುವಾಗುತ್ತದೆ. ಹೊಸ ಜಾಗ, ಜೋರು ಸದ್ದು, ಗಕ್ಕನೆ ಹಿಡಿಯುವುದು, ಇವು ಅದನ್ನು ಕೆರಳಿಸುತ್ತವೆ. ಬಹಳಷ್ಟು ಸಲ ಔಷಧ ಬೇಕಿಲ್ಲ. ಕತ್ತಲು, ಮೌನ, ಎರಡು ನಿಮಿಷ, ಅಷ್ಟೇ. ಮರಿಯಿದ್ದಾಗಿನಿಂದ ದಿನಾ ಸ್ವಲ್ಪ ಹೊತ್ತು ಮೆಲ್ಲಗೆ ಕೈಯಲ್ಲಿ ಆಡಿಸಿದರೆ ಕಡಿಮೆಯಾಗುವುದೂ ಉಂಟು. ಇಂಥ ಪ್ರಾಣಿಯಿಂದ ಮರಿ ಮಾಡಿಸಬಾರದು.

ಶೇಂಗಾನ ಬಾಲದ ತುದಿ ಇರಲಿಲ್ಲ. ಮಾರ್ಚಿನಲ್ಲಿ ಪಕ್ಕದ ಮನೆ ಹುಡುಗ ಬಾಲ ಹಿಡಿದು ಎತ್ತಿದ್ದ. ಚರ್ಮ ಒರೆಯಂತೆ ಕಳಚಿ ಅವನ ಕೈಗೆ ಬಂದಿತ್ತು. ಉಳಿದ ಎಲುಬು ಒಣಗಿ ಬಿದ್ದುಹೋಗಿತ್ತು. ಮತ್ತೆ ಬೆಳೆಯುವುದಿಲ್ಲ. ಎತ್ತುವಾಗ ಎರಡೂ ಅಂಗೈ ಬಟ್ಟಲು ಮಾಡಿ ಕೆಳಗಿನಿಂದ ಎತ್ತಬೇಕು.

ಮೂಗಿನ "ರಕ್ತ"

ಮರುದಿನ ಇಬ್ಬರನ್ನೂ ಆಸ್ಪತ್ರೆಗೆ ತಂದರು. ನಾಯಿಗಳ ಹುಳುಕಡ್ಡಿ ನೋಡಲು ನನ್ನ ಬಳಿ ನೇರಳೆ ಬೆಳಕಿನ ವುಡ್ಸ್ ಲ್ಯಾಂಪ್ ಇದೆ. ಬಾಗಿಲು ಮುಚ್ಚಿ ಅದನ್ನು ಎಳ್ಳುವಿನ ಮೂಗಿಗೆ ಹಿಡಿದೆ. ಕೆಂಪು ಹಕ್ಕಳೆ ಗುಲಾಬಿ ಕಿತ್ತಳೆ ಬಣ್ಣದಲ್ಲಿ ಹೊಳೆಯಿತು. ರಕ್ತ ಹಾಗೆ ಹೊಳೆಯುವುದಿಲ್ಲ. ಜರ್ಬಿಲ್‌ನ ಕಣ್ಣಿನ ಹಿಂದೆ ಹಾರ್ಡರ್ ಗ್ರಂಥಿ ಅಂತ ಇರುತ್ತದೆ. ಅದರಿಂದ ಬರುವ ಕೆಂಪು ದ್ರವದಲ್ಲಿ ಪೋರ್ಫಿರಿನ್ ಎಂಬ ಬಣ್ಣದ ವಸ್ತು ಇರುತ್ತದೆ. ಹೊಳೆಯುವುದು ಅದೇ. ಆ ದ್ರವ ಮೂಗಿನವರೆಗೆ ಇಳಿಯುತ್ತದೆ. ಆರೋಗ್ಯವಾಗಿದ್ದಾಗ ಪ್ರಾಣಿ ಅದನ್ನು ಮುಖಕ್ಕೆ ಒರೆಸಿಕೊಂಡು, ಮರಳಿನಲ್ಲಿ ಹೊರಳಿ ಮೈ ಸ್ವಚ್ಛ ಮಾಡಿಕೊಳ್ಳುತ್ತದೆ. ತೇವ, ಭಯ, ಇಕ್ಕಟ್ಟು ಸೇರಿದರೆ ದ್ರವ ಜಾಸ್ತಿಯಾಗಿ ಮೂಗಿನ ಸುತ್ತ ಕೂರುತ್ತದೆ. ಚರ್ಮ ಸುಡುತ್ತದೆ. ಪ್ರಾಣಿ ಕೆರೆಯುತ್ತದೆ. ಆ ಗಾಯಕ್ಕೆ ಬ್ಯಾಕ್ಟೀರಿಯಾ ಸೇರುತ್ತದೆ.

ಇಲ್ಲಿ ನಮ್ಮ ಭಾಗದ ಪಶುವೈದ್ಯ ಮಿತ್ರರಿಗೆ ಒಂದು ಮಾತು. ಗಾಯ, ಕೀವು ಕಂಡರೆ ನಮ್ಮ ಕೈ ತಾನಾಗಿ ಸ್ಟ್ರೆಪ್ಟೋಪೆನಿಸಿಲಿನ್ ಬಾಟಲಿಗೆ ಹೋಗುತ್ತದೆ. ದನಗಳಿಗೆ ದಿನಾ ಕೊಡುವ ಔಷಧ ಅದು. ಅದರಲ್ಲಿರುವ ಸ್ಟ್ರೆಪ್ಟೋಮೈಸಿನ್ ಜರ್ಬಿಲ್‌ಗೆ ವಿಷ. ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನೇ ತಡೆದು ಉಸಿರು ನಿಲ್ಲಿಸುತ್ತದೆ, ಅದೂ ನಿಮಿಷಗಳಲ್ಲಿ. ಅವತ್ತು ನನ್ನ ಬ್ಯಾಗಿನಲ್ಲೂ ಆ ಬಾಟಲಿ ಇತ್ತು. ಹಿಂದಿನ ರಾತ್ರಿ ಕೂತು ಓದಿರದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಎದೆ ಝಲ್ಲೆನ್ನುತ್ತದೆ.

ಗಾಯ ಇನ್ನೂ ಮೇಲ್ಮೇಲೆ ಇತ್ತು. ಉಗುರುಬೆಚ್ಚಗಿನ ಸಲೈನ್‌ನಿಂದ ಹಕ್ಕಳೆ ನೆನೆಸಿ ತೆಗೆದೆ. ಮುಲಾಮು ಹಚ್ಚಲಿಲ್ಲ, ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ಅದು ಇರುವ ಜಾಗ ಬದಲಾಗದೆ ಮೂಗು ವಾಸಿಯಾಗುವುದಿಲ್ಲ ಅಂತ ತಾಯಿಗೆ ಹೇಳಿದೆ.

ತೂಕ ನೋಡಿದೆ. ಶೇಂಗಾ 109 ಗ್ರಾಂ, ಎಳ್ಳು 98. ಐದು ತಿಂಗಳ ಪ್ರಾಣಿಗೆ ಇದು ಜಾಸ್ತಿ. ಏನು ತಿನ್ನಿಸುತ್ತೀರಿ ಅಂತ ಕೇಳಿದೆ. ಅವರ ಹೊಲ ಮಾನ್ವಿ ಕಡೆ. ಮನೆಯಲ್ಲಿ ಸೂರ್ಯಕಾಂತಿ ಚೀಲಗಟ್ಟಲೆ ಇತ್ತು. ಬಟ್ಟಲು ತುಂಬ ಅದನ್ನೇ ಹಾಕುತ್ತಿದ್ದರು, ಜೊತೆಗೆ ಮಂಡಕ್ಕಿ. ಜರ್ಬಿಲ್‌ಗೆ ಸೂರ್ಯಕಾಂತಿ ಬೀಜ ಕಂಡರೆ ಬೇರೆ ಏನೂ ಬೇಡ. ಅದರಲ್ಲಿ ಕೊಬ್ಬು ತುಂಬ, ಕ್ಯಾಲ್ಸಿಯಂ ಬಹಳ ಕಡಿಮೆ.

ಹಗೇವು

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಮರುಭೂಮಿಯ ಪ್ರಾಣಿಗೆ ರಾಯಚೂರಿನ ಬಿಸಿಲು ಏನು ಮಾಡೀತು?

ಸಾಕುವ ಜರ್ಬಿಲ್‌ನ ಮೂಲ ಮಂಗೋಲಿಯಾ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲು. ಚಳಿಗಾಲದಲ್ಲಿ ಅಲ್ಲಿ ಮೈನಸ್ 40 ಡಿಗ್ರಿಗೂ ಇಳಿಯುತ್ತದೆ. ಬೇಸಿಗೆಯಲ್ಲಿ ನೆಲ ಕಾಯುತ್ತದೆ. ಈ ಪ್ರಾಣಿ ಎರಡನ್ನೂ ಮೈಯಿಂದ ತಡೆದುಕೊಳ್ಳುವುದಿಲ್ಲ. ನೆಲದೊಳಗೆ ಹೋಗಿ ತಪ್ಪಿಸಿಕೊಳ್ಳುತ್ತದೆ. ಅರ್ಧ ಮೀಟರಿಗೂ ಆಳಕ್ಕೆ ಸುರಂಗ ತೋಡಿ, ತಳದಲ್ಲಿ ಗೂಡು ಮಾಡಿ, ಪಕ್ಕದಲ್ಲಿ ಕಾಳು ಕೂಡಿಡುತ್ತದೆ. 1867ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಆಲ್ಫೋನ್ಸ್ ಮಿಲ್ನ್-ಎಡ್ವರ್ಡ್ಸ್ ಇದಕ್ಕೆ ಇಟ್ಟ ಹೆಸರಿನಲ್ಲೇ, ಉಂಗ್ವಿಕ್ಯುಲೇಟಸ್ ಅಂತ, ಉಗುರು ಇದೆ. ಬಿಲ ಕಿತ್ತುಕೊಂಡರೆ ಅದು ಮರುಭೂಮಿಯ ಪ್ರಾಣಿಯಾಗಿ ಉಳಿಯುವುದೇ ಇಲ್ಲ. ಬಿಸಿಲಲ್ಲಿ ಸಿಕ್ಕಿಬಿದ್ದ ಪುಟ್ಟ ಜೀವ, ಅಷ್ಟೇ. ನಮ್ಮ ಹಾಗೆ ಬೆವರಲೂ ಬರುವುದಿಲ್ಲ.

ಕೂಲರ್ ಮಾಡುವುದು ಏನು? ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ಬಿಡುತ್ತದೆ. ನಮ್ಮ ಗಾಳಿ ಒಣದು, ಅದಕ್ಕೇ ಇಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ತಂಪಿನ ಜೊತೆ ನೀರೂ ಬರುತ್ತದೆ. ಕರೆಂಟ್ ಬಂದ ಮೇಲೆ ಪಂಜರ ಇದ್ದ ಜಾಗದಲ್ಲಿ ಮತ್ತೆ ಮೀಟರ್ ಇಟ್ಟೆ. 30 ಡಿಗ್ರಿ, ತೇವಾಂಶ ಶೇ. 72. ಜರ್ಬಿಲ್‌ಗೆ ತೇವಾಂಶ ಶೇ. 50 ದಾಟಬಾರದು. ಒಂದು ತಿಂಗಳು ಹಗಲೂ ರಾತ್ರಿ ಅದು ಒದ್ದೆ ಗಾಳಿಯಲ್ಲಿ ಕೂತಿತ್ತು. ಕರೆಂಟ್ ಹೋದ ದಿನ ಆ ತಂಪೂ ಹೋಯಿತು, ಒದ್ದೆ ಮಾತ್ರ ಉಳಿಯಿತು.

ಇದನ್ನೆಲ್ಲ ನಾನು ಹೇಳುತ್ತಿದ್ದಾಗ ಅಜ್ಜಿ ನಡುವೆ ಬಾಯಿ ಹಾಕಿದರು. "ಅಂದ್ರ ಹಗೇವು ಇದ್ದಂಗ ಅನ್ರಿ."

ಅವರ ತವರು ಮಾನ್ವಿ ತಾಲೂಕಿನ ಹಳ್ಳಿ. ಅಲ್ಲಿ ನೆಲದೊಳಗೆ ಹಗೇವು ತೋಡಿ ಜೋಳ ತುಂಬುತ್ತಿದ್ದರಂತೆ. ಮೇಲೆ ಸಣ್ಣ ಬಾಯಿ, ಒಳಗೆ ಅಗಲ, ಕತ್ತಲು. ಎಷ್ಟು ಬಿಸಿಲಿದ್ದರೂ ಒಳಗೆ ತಂಪು. ಆದರೆ ಒಂದು ಹನಿ ನೀರು ಇಳಿದರೂ ಜೋಳ ಹಾಳು. "ತಂಪು ಇರಬೇಕು, ಹಸಿ ಇರಬಾರದು" ಅಂದರು ಅಜ್ಜಿ. ನಾನು ರಾತ್ರಿಯಿಡೀ ಓದಿ ಕಂಡುಕೊಂಡದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಅಲ್ಲಿಂದ ಮುಂದೆ ನಾವು ಮಾಡಿದ್ದೆಲ್ಲ ಆ ಮಾತಿನ ಮೇಲೆಯೇ.

ಇನ್ನೊಂದು ವಿಷಯವೂ ಅಲ್ಲೇ ಬಗೆಹರಿಯಿತು. ಶೇಂಗಾ ಮೂಲೆ ಕೆರೆಯುತ್ತಿತ್ತು ಅಂದೆನಲ್ಲ, ಮನೆಯವರು ಅದನ್ನು ಆಟ ಅಂದುಕೊಂಡಿದ್ದರು. ವೀಡನ್‌ಮಾಯರ್ ಎಂಬ ಸಂಶೋಧಕ 1997ರಲ್ಲಿ ಇದನ್ನೇ ಪರೀಕ್ಷಿಸಿ ತೋರಿಸಿದ್ದಾರೆ. ಅಗೆಯಲು ಬರಿ ಮರಳು ಕೊಟ್ಟರೂ ಮರಿಗಳು ಈ ಕೆರೆತದ ಚಟಕ್ಕೆ ಬಿದ್ದವು. ಸುರಂಗದ ಮೂಲಕ ಹೋಗುವ ಕತ್ತಲ ಗೂಡು ಕೊಟ್ಟಾಗ ಬೀಳಲಿಲ್ಲ. ಅದಕ್ಕೆ ಬೇಕಿದ್ದದ್ದು ಅಗೆಯುವ ಕೆಲಸ ಅಲ್ಲ, ಅಗೆದ ಮೇಲೆ ಸಿಗುವ ಮನೆ. ಇದನ್ನು ಓದಿದಾಗ ಆ ಪ್ಲಾಸ್ಟಿಕ್ ತಟ್ಟೆಯ ಸದ್ದು ನನಗೆ ಬೇರೆಯಾಗಿಯೇ ಕೇಳಿಸಿತು.

ಕಟ್ಟಿದ ಮನೆ

ಜಾಗ ಮೊದಲು. ಮಾಳಿಗೆ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ 32 ಡಿಗ್ರಿ, ತೇವಾಂಶ ಶೇ. 29. ಅದಕ್ಕಿಂತ ಒಳ್ಳೇ ಜಾಗ ಆ ಮನೆಯಲ್ಲಿ ಇರಲಿಲ್ಲ. ಆದರೆ ಅಜ್ಜಿ ಒಪ್ಪಬೇಕಲ್ಲ. ಅವರು ಜೀವನಪೂರ್ತಿ ಇಲಿ ಓಡಿಸಿದವರು. "ದೇವರ ಗೂಡಿನ ಮಗ್ಗಲಾಗ ಇಲಿ ಇಟ್ಕೊಳ್ಳಂದ್ರ ಹೆಂಗ್ರಿ?" ಅಂದರು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಮೂಲೆ ಗುಡಿಸಿ ಜಾಗ ಮಾಡಿದರು. ಅಟ್ಟದ ಮೇಲೆ ಇಲಿ ಪಾಷಾಣದ ಉಂಡೆಗಳಿದ್ದವು. ಅವನ್ನೆಲ್ಲ ತೆಗೆಸಿದೆ. ಹೊರಗಿನ ಇಲಿ, ಬೆಕ್ಕು ಬರದ ಹಾಗೆ ಕಿಟಕಿಗೆ ಜಾಲರಿ ಹೊಡೆಸಿದರು.

ತಂದೆ ಮೀನು ಸಾಕುತ್ತಿದ್ದ ಹಳೇ ಗಾಜಿನ ತೊಟ್ಟಿ ಇತ್ತು. ಮೂರು ಅಡಿ ಉದ್ದ, ಒಂದೂವರೆ ಅಡಿ ಎತ್ತರ. ಮೇಲೆ ಗಾಳಿಯಾಡಲು ತಂತಿ ಜಾಲರಿಯ ಮುಚ್ಚಳ ಮಾಡಿಸಿದೆವು. ಅದರೊಳಗೆ ಹತ್ತು ಇಂಚು ಆಳ ಹಾಸು. ಏನು ಹಾಸುವುದು ಅನ್ನುವುದೇ ದೊಡ್ಡ ಚರ್ಚೆಯಾಯಿತು. ತಂದೆಗೆ ಭತ್ತದ ಹೊಟ್ಟು ಹೊಳೆಯಿತು, ಸಿಂಧನೂರಿನ ಮಿಲ್ಲುಗಳಲ್ಲಿ ರಾಶಿ ಬಿದ್ದಿರುತ್ತದೆ. ಅದು ಚೂಪು, ಧೂಳು ಜಾಸ್ತಿ, ಶ್ವಾಸಕ್ಕೆ ಒಳ್ಳೇದಲ್ಲ. ಬಡಗಿಯ ಹೊಟ್ಟೂ ಬೇಡ, ಅದರಲ್ಲಿ ಪ್ಲೈವುಡ್ಡಿನ ಅಂಟು, ಪಾಲಿಶ್ ಸೇರಿರುತ್ತದೆ. ಅಜ್ಜಿ ಬತ್ತಿ ಹೊಸೆಯಲು ಇಟ್ಟ ಅರಳೆ ತಂದುಕೊಟ್ಟರು, ಮೆತ್ತಗೆ ಗೂಡು ಮಾಡಿಕೊಳ್ಳಲಿ ಅಂತ. ಅದನ್ನೂ ಬೇಡ ಅನ್ನಬೇಕಾಯಿತು. ಹತ್ತಿಯ ಎಳೆ ಕಾಲಿಗೆ ಸುತ್ತಿದರೆ ರಕ್ತ ನಿಲ್ಲುತ್ತದೆ, ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆ ಬೇಜಾರಾಯಿತು. ಅಷ್ಟು ಪ್ರೀತಿಯಿಂದ ತಂದದ್ದು, ನನಗೂ ಬೇಜಾರಾಯಿತು.

ಕೊನೆಗೆ ಸಣ್ಣಗೆ ಹರಿದ ಬಿಳಿ ಕಾಗದ, ರಟ್ಟಿನ ಚೂರು, ನಡುನಡುವೆ ಒಣಹುಲ್ಲು. ಪದರ ಪದರವಾಗಿ ಹಾಕಿ ಕೈಯಿಂದ ಒತ್ತಿದೆವು. ಹುಲ್ಲು ಇದ್ದರೆ ಸುರಂಗ ಕುಸಿಯುವುದಿಲ್ಲ. ತಳದಲ್ಲಿ ಒಂದು ಮಣ್ಣಿನ ಗಡಿಗೆ ಮಲಗಿಸಿ, ಅದರ ಬಾಯಿಗೆ ಬಟ್ಟೆ ಅಂಗಡಿಯಿಂದ ತಂದ ದಪ್ಪ ರಟ್ಟಿನ ಕೊಳವೆ ಜೋಡಿಸಿ, ಕೊಳವೆಯ ಇನ್ನೊಂದು ತುದಿ ಮೇಲೆ ಬರುವ ಹಾಗೆ ಇಟ್ಟೆವು. ಅಜ್ಜಿಯ ಹಗೇವು ಅದು. ಒಂದು ಮೂಲೆಯಲ್ಲಿ ಶಹಾಬಾದ್ ಕಲ್ಲಿನ ತುಂಡು, ಬಿಸಿಯಾದಾಗ ಹೊಟ್ಟೆ ಒತ್ತಿ ಮಲಗಲು. ಕಲ್ಲನ್ನು ತೊಟ್ಟಿಯ ತಳಕ್ಕೇ ಊರಬೇಕು. ಹಾಸಿನ ಮೇಲೆ ಇಟ್ಟರೆ ಅವು ಅಡಿಯಲ್ಲಿ ಅಗೆದು ಅದರ ಕೆಳಗೆ ಸಿಕ್ಕಿಕೊಳ್ಳುತ್ತವೆ.

ಇನ್ನು ಮರಳು. ಒಂದು ಪಿಂಗಾಣಿ ಬಟ್ಟಲಲ್ಲಿ ನದಿ ಮರಳು. ತೊಳೆದು, ಧೂಳು ಹೋಗುವ ಹಾಗೆ ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ಆರಿಸಿದ್ದು. ಎಂ-ಸ್ಯಾಂಡ್ ಬೇಡ, ಕಲ್ಲು ಒಡೆದ ಚೂಪು ಅದು. ಎಳ್ಳು ಆ ಬಟ್ಟಲು ಕಂಡ ಕ್ಷಣ ಹಾರಿ ಬಿದ್ದು ಹೊರಳಾಡಿತು. ನಾಲ್ಕು ತಿಂಗಳಿನಿಂದ ಕಾದಿದ್ದ ಹಾಗೆ. ಹುಡುಗಿ ಚಪ್ಪಾಳೆ ತಟ್ಟಲು ಹೋಗಿ ಸದ್ದಾಗುತ್ತದೆ ಅಂತ ಕೈ ಹಿಂದೆ ಕಟ್ಟಿಕೊಂಡಳು.

ಊಟ ನಮ್ಮ ನೆಲದ್ದೇ ಸಾಕಾಯಿತು. ನವಣೆ, ಸಜ್ಜೆ, ಸ್ವಲ್ಪ ಜೋಳ, ಗೋಧಿ, ನಾಲ್ಕು ಪುಟಾಣಿ. ವಾರಕ್ಕೆರಡು ಸಲ ಉಗುರಿನಷ್ಟು ಬೇಯಿಸಿದ ಮೊಟ್ಟೆ, ತೆಳು ಸೌತೆ ಹೋಳು. ಒಂದಕ್ಕೆ ದಿನಕ್ಕೆ 8ರಿಂದ 10 ಗ್ರಾಂ, ಬಟ್ಟಲಿಗಲ್ಲ, ಹಾಸಿನ ಮೇಲೆ ಚೆಲ್ಲಿ. ಹುಡುಕಿ ತಿನ್ನುವುದೂ ಅವಕ್ಕೆ ಕೆಲಸವೇ. ಸೂರ್ಯಕಾಂತಿ ವಾರಕ್ಕೆ ಮೂರು ನಾಲ್ಕು ಬೀಜ, ಅದೂ ಹುಡುಗಿಯ ಕೈಯಿಂದ, ಕೈ ಅಭ್ಯಾಸವಾಗಲಿ ಅಂತ. ಹಲ್ಲು ಸವೆಯಲು ಪೇರಲ ಕಡ್ಡಿ, ರಟ್ಟು. ನೀರು ದಿನಾ ಹೊಸದು. ಮರುಭೂಮಿಯ ಪ್ರಾಣಿಗೆ ನೀರು ಬೇಡ ಅನ್ನುವವರಿದ್ದಾರೆ. ಸುಳ್ಳು. ನೀರಿನ ಬಾಟಲಿಯ ಮೂತಿಯಲ್ಲಿರುವ ಗುಂಡು ಸಿಕ್ಕಿಕೊಂಡಿಲ್ಲವೇ ಅಂತ ದಿನಾ ಬೆರಳಿನಿಂದ ಒತ್ತಿ ನೋಡಬೇಕು.

ಹುಡುಗಿಗೆ ಒಂದು ಮೀಟರ್ ಕೊಡಿಸಿದರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ ನೋಟುಬುಕ್ಕಿನಲ್ಲಿ ಬರೆಯುತ್ತಾಳೆ. 32 ದಾಟಿದರೆ ನೀರು ಹೆಪ್ಪುಗಟ್ಟಿಸಿದ ಬಾಟಲಿಗೆ ಟವೆಲ್ ಸುತ್ತಿ ಗಾಜಿನ ಹೊರಗೆ ಆನಿಸಿ ಇಡುತ್ತಾಳೆ. ಒಳಗೆ ಇಡುವುದಿಲ್ಲ, ಒಳಗಿಟ್ಟರೆ ಬಾಟಲಿ ಬೆವರಿ ಹಾಸು ಒದ್ದೆಯಾಗುತ್ತದೆ. ಮೇ ಕೊನೆಯಲ್ಲಿ ಎರಡು ದಿನ ಕೋಣೆ 34 ಆಯಿತು. ಗಡಿಗೆಯೊಳಗೆ ಮೀಟರಿನ ತಂತಿ ಇಳಿಸಿ ನೋಡಿದಾಗ 30 ಇತ್ತು. ಎರಡೂ ಅಲ್ಲೇ ಒಂದರ ಮೇಲೊಂದು ಮಲಗಿದ್ದವು.

ಆಮೇಲೆ

ಮೂಗು ಮೂರು ವಾರದಲ್ಲಿ ಒಣಗಿತು. ಕೂದಲು ಜೂನ್ ಕೊನೆಗೆ ಬಂತು. ಶೇಂಗಾ ಮೂಲೆ ಕೆರೆಯುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಒಮ್ಮೆ ಬಿದ್ದ ಚಟ ಬಿಡಿಸುವುದು ಕಷ್ಟ. ಮೂರ್ಛೆ ಇನ್ನೆರಡು ಸಲ ಬಂದಿದೆ, ಎರಡೂ ಸಲ ಪಟಾಕಿ ಸದ್ದಿಗೆ. ಅಕ್ಟೋಬರಿನಲ್ಲಿ ತೂಕ ನೋಡಿದಾಗ ಶೇಂಗಾ 91, ಎಳ್ಳು 86.

ಮಳೆಗಾಲದಲ್ಲಿ ನನಗೆ ಬೇರೆ ಚಿಂತೆಯಾಯಿತು. ಆಗಸ್ಟಿನಲ್ಲಿ ಆ ಕೋಣೆಯ ತೇವಾಂಶ ಶೇ. 63ಕ್ಕೆ ಹೋಯಿತು. ಮಣ್ಣಿನ ಮಾಳಿಗೆ ನೀರು ಹೀರುತ್ತದೆ. ತೊಟ್ಟಿಯನ್ನು ಮುಂಭಾಗದ ಹಾಲ್‌ಗೆ ತಂದರು. ಒದ್ದೆಯಾದ ಹಾಸು ತೆಗೆದು ಹೊಸದು ಹಾಕಿದರು. ಮೂರನೇ ಒಂದು ಭಾಗ ಹಳೇದು ಉಳಿಸಿದರು, ತಮ್ಮ ವಾಸನೆ ಪೂರ್ತಿ ಹೋದರೆ ಅವು ಗಾಬರಿಯಾಗುತ್ತವೆ. ಸೆಪ್ಟೆಂಬರ್ ಕೊನೆಗೆ ಮತ್ತೆ ಹಿಂದಕ್ಕೆ. ಅಷ್ಟು ದಿನ ಕೋಣೆ ಬಿಕೋ ಅನ್ನುತ್ತಿತ್ತು ಅಂತ ಅಜ್ಜಿ ತಾವಾಗಿ ಹೇಳಿದರಂತೆ.

ಹೋದ ವಾರ ಹುಡುಗಿ ಫೋನ್ ಮಾಡಿದ್ದಳು. ಗಡಿಗೆಯ ಹಿಂದೆ ಅವು ಒಂದು ಹಿಡಿ ನವಣೆ ಕೂಡಿಟ್ಟಿವೆಯಂತೆ. "ತೆಗೀಬೇಕೇನ್ರಿ ಡಾಕ್ಟ್ರೇ?"

"ಒದ್ದೆ ಐತೇನವ್ವಾ?" ಅಂತ ಕೇಳಿದೆ.

ಅವಳು ಅಜ್ಜಿಯನ್ನು ಕೇಳಿದಳು. ಆ ಕಡೆಯಿಂದ ಅಜ್ಜಿಯ ದನಿ ನನಗೇ ಕೇಳಿಸಿತು. "ಕೈ ಹಾಕಿ ನೋಡೀನಿ, ಖಡಕ್ ಒಣಗೈತಿ ಅನ್ನು. ಇರ್ಲಿ ಬಿಡು."